ಬಾಗಿಲ ಕೆಳಗಿನ ರಬ್ಬರ್ ಪಟ್ಟಿ

ನಾನು ರಬ್ಬರಿನ ಒಂದು ಪಟ್ಟಿ. ಮೊದಲು ಲಾರಿಯ ಟ್ಯೂಬಿನ ಭಾಗವಾಗಿದ್ದೆ. ಕಲ್ಲಿನ ಗಣಿಗೆ ಹೋಗುವ ದಾರಿಯಲ್ಲಿ ಟ್ಯೂಬು ಸಿಡಿಯಿತು. ಪಂಕ್ಚರ್ ಅಂಗಡಿಯ ಖಾಜಾ ಚಾಕುವನ್ನು ನೀರಿನಲ್ಲಿ ಅದ್ದಿ ಅದ್ದಿ ನನ್ನನ್ನು ಉದ್ದಕ್ಕೆ ಸೀಳಿದ. ನಾನು ಬೇರೆಯೊಂದು ವಸ್ತುವಾಗಿ ಹುಟ್ಟಿದ್ದು ಹಾಗೆ.

ನನ್ನನ್ನು ಕೇಳಿ ಬಂದವನು ಗಣಿಯಲ್ಲಿ ಕಲ್ಲು ಒಡೆಯುವ ಭೀಮಶಾ.

"ಮಗಳು ಬಾಣಂತನಕ್ಕ ಬಂದಾಳ. ಬಾಗ್ಲ ಕೆಳಗ ಕೈಬಟ್ಟು ಹೋಗುವಷ್ಟು ಸಂದಿ ಅದ. ಚೇಳು ಬರಲಾರದಂಗ ಗಟ್ಟಿದು ಕೊಡಪಾ," ಎಂದ.

ಹಿಂದಿನ ಬೇಸಿಗೆ ಪಕ್ಕದ ಮನೆಯ ಕೂಸೊಂದು ಚೇಳು ಕಡಿದು ಸತ್ತಿತ್ತು. ಅದನ್ನು ಅವನು ಖಾಜಾನಿಗೆ ಹೇಳಲಿಲ್ಲ. ಖಾಜಾನಿಗೆ ಗೊತ್ತಿತ್ತು. ಎರಡು ಸಲ ಎಳೆದು ನೋಡಿಯೇ ನನ್ನನ್ನು ಕೊಟ್ಟ.

ಭೀಮಶಾ ನನ್ನನ್ನು ಬಾಗಿಲ ಬುಡಕ್ಕೆ ಮೊಳೆ ಹೊಡೆದು ಕೂರಿಸಿದ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮನೆಯವರ ಕಾಲುಗಳು ಮಾತ್ರ: ಭೀಮಶಾನ ಒಡೆದ ಹಿಮ್ಮಡಿ, ಅವನ ಹೆಂಡತಿ ಗುಂಡಮ್ಮನ ಸವೆದ ಕಾಲುಂಗುರ, ಮಗಳು ಜಗದೇವಿಯ ಬಾತ ಪಾದ. ಕೂಸಿನ ಮುಖ ನೋಡಲೇ ಇಲ್ಲ, ಅದರ ಅಳು ಕೇಳುತ್ತಿತ್ತು ಅಷ್ಟೇ.

ಆ ಮನೆಯ ರೀತಿ ನನಗೆ ಅರ್ಥವಾಗಲಿಲ್ಲ. ಹೊರಗೆ ಹಾಸುಗಲ್ಲು ಕಾಲು ಸುಡುವಷ್ಟು ಕಾದಿರುತ್ತಿತ್ತು. ಒಳಗೆ ಬಾಗಿಲು ಮುಚ್ಚಿ, ಸಗಣಿ ಕುಳ್ಳಿನ ಕೆಂಡ ಮಾಡಿ, ಬಾಣಂತಿಗೂ ಕೂಸಿಗೂ ಲೋಬಾನದ ಹೊಗೆ ಹಾಕುತ್ತಿದ್ದರು. ಹೊರಗಿನ ಬಿಸಿಯನ್ನು ತಡೆಯಬೇಕೋ ಒಳಗಿನದನ್ನೋ ತಿಳಿಯದೆ ನಾನು ಎರಡೂ ಕಡೆ ಮೆತ್ತಗಾದೆ.

ಮೊದಲ ದಿನವೇ ಒಂದು ಕೆಂಪು ಚೇಳು ಹೊರಗಿನಿಂದ ನನ್ನನ್ನು ತಡವಿ ವಾಪಸು ಹೋಯಿತು. ಬೀಗಿದೆ. ಮರುದಿನ ಒಂದು ಚೇಳು ಕೋಣೆಯ ನಡುವೆ ಸಿಕ್ಕಿತು. ಭೀಮಶಾ ಅದನ್ನು ಕೊಂದು ನನಗೆ ಇನ್ನಷ್ಟು ಮೊಳೆ ಹೊಡೆದ. ಎರಡು ದಿನ ಬಿಟ್ಟು ಮತ್ತೊಂದು ಸಿಕ್ಕಿತು. ನೀವು ತಂದ ರಬ್ಬರು ಯಾತಕ್ಕೂ ಬಾರದು ಎಂದಳು ಗುಂಡಮ್ಮ. ನೀನು ಬಾಗಿಲು ತೆರೆದಿಟ್ಟು ಹರಟೆ ಹೊಡೆಯುತ್ತೀ ಎಂದ ಅವನು. ನನ್ನ ಕೆಳಗಿಂದ ಒಂದು ಇರುವೆಯೂ ನುಸುಳಿರಲಿಲ್ಲ. ಆದರೂ ಬೈಗುಳ ಕೇಳಿ ಕೇಳಿ, ಎಲ್ಲಿಯೋ ತೂತಾಗಿರಬೇಕು ಎಂದು ನನ್ನ ಮೇಲೆ ನನಗೇ ಅನುಮಾನ ಬಂತು.

ಒಂದು ಸಂಜೆ ಗುಂಡಮ್ಮ ಹಿತ್ತಲಿನ ಒಟ್ಟಿಲಿನಿಂದ ಕುಳ್ಳು ತುಂಬಿಕೊಂಡು ಬಂದಳು. ಬುಟ್ಟಿಯನ್ನು ಒಳಗಿಟ್ಟು, ಬಾಗಿಲೆಳೆದುಕೊಂಡು ನೀರಿಗೆ ಹೋದಳು. ಎರಡು ಕುಳ್ಳುಗಳ ನಡುವಿನಿಂದ ಚೇಳೊಂದು ಇಳಿಯಿತು. ಅದು ಸೀದಾ ನನ್ನ ಕಡೆಗೇ ಬಂತು. ಹೊರಗೆ ಹೋಗಲು ದಾರಿ ಹುಡುಕುತ್ತಿತ್ತು. ನಾನು ಬಿಡಲಿಲ್ಲ. ಬಿಡುವುದು ನನಗೆ ಬರುತ್ತಲೂ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಹುಡುಕಿ, ಸೋತು ತಿರುಗಿತು. ನೆಲದ ಮೇಲೆ ಹಾಸಿದ ಕೌದಿಯ ಕಡೆಗೆ ಹೊರಟಿತು. ಕೂಸು ಮಲಗಿದ್ದು ಆ ಕೌದಿಯ ಮೇಲೆ.

ಜಗದೇವಿಯ ಬಾತ ಪಾದ ಅಷ್ಟು ಬೇಗ ಚಲಿಸಿದ್ದನ್ನು ನಾನು ಕಂಡಿರಲಿಲ್ಲ. ಕೂಸನ್ನು ಎತ್ತಿಕೊಂಡಳು, ಒನಕೆಯಿಂದ ಚೇಳನ್ನು ಜಜ್ಜಿದಳು. ತಲೆ ಎತ್ತಿದಾಗ ಇನ್ನೊಂದು ಚೇಳು ಬುಟ್ಟಿಯ ಅಂಚಿನಿಂದ ಇಳಿಯುತ್ತಿತ್ತು. ಅದನ್ನೂ ಜಜ್ಜಿದಳು. ಕೊಡ ಹೊತ್ತು ಒಳಗೆ ಬಂದ ತಾಯಿಗೆ ಸಾವಕಾಶವಾಗಿ ಹೇಳಿದಳು:

"ಯವ್ವಾ, ಬಾಗ್ಲಿಗಿ ಬೈಬ್ಯಾಡ. ಬುಟ್ಟಿಯಾಗ ಹೊತ್ಕೊಂಡು ನೀನೇ ಒಳಗ ತರ್ಲಿಕತ್ತಿ."

ಗುಂಡಮ್ಮ ಕೊಡ ಇಳಿಸಿ ಹೊಸ್ತಿಲ ಮೇಲೆಯೇ ಕುಳಿತಳು. "ಮತ್ತ ಹೊಗಿ ಬಿಟ್ಟುಬಿಡ್ಲೇನು? ಕೂಸಿಗಿ ನೆಗಡಿ ಆಗ್ತದ," ಎಂದಳು.

"ಬಿಡಬ್ಯಾಡ. ಹೊರಗ ಬಡದು ತಾ."

ಅಂದಿನಿಂದ ಪ್ರತಿ ಕುಳ್ಳನ್ನೂ ಅಂಗಳದ ಕಲ್ಲಿಗೆ ಬಡಿದು ತರುವ ಸದ್ದು ಕೇಳತೊಡಗಿತು. ಒಳಗೆ ಮತ್ತೆ ಚೇಳು ಕಾಣಲಿಲ್ಲ. ಎಲ್ಲರೂ ಪಟ್ಟಿ ಗಟ್ಟಿ ಇದೆ ಎಂದು ನನ್ನನ್ನು ಹೊಗಳಿದರು. ಬೈದಾಗಲೂ ಹೊಗಳಿದಾಗಲೂ ನಾನು ಮಾಡಿದ್ದು ಒಂದೇ ಕೆಲಸ.

ಮಳೆಗಾಲಕ್ಕೆ ಜಗದೇವಿ ಕೂಸಿನೊಂದಿಗೆ ಗಂಡನ ಮನೆಗೆ ಹೋದಳು. ಬಾಗಿಲು ಉಬ್ಬಿ ನೆಲಕ್ಕೆ ಸಿಕ್ಕಿಕೊಳ್ಳುತ್ತದೆಂದು ಭೀಮಶಾ ನನ್ನನ್ನು ಕಿತ್ತು ಬಚ್ಚಲ ಮೂಲೆಗೆ ಎಸೆದ. ಈಗ ನಾನು ಅಲ್ಲೇ ಇದ್ದೇನೆ, ಅಂಚೆಲ್ಲ ಬಿರುಕು ಬಿಟ್ಟಿದೆ. ನನ್ನ ಕೆಳಗಿನ ತಂಪಿನಲ್ಲಿ ಒಂದು ಚೇಳು ಬಂದು ಸೇರಿಕೊಂಡಿದೆ. ಬೆನ್ನ ಮೇಲೆ ಬಿಳಿ ಮರಿಗಳನ್ನು ಹೊತ್ತಿದೆ, ಅದೂ ಬಾಣಂತಿಯೇ. ಗುಂಡಮ್ಮ ಈಗ ಯಾವುದನ್ನೂ ಬರಿಗೈಯಿಂದ ಎತ್ತುವುದಿಲ್ಲ. ಇವತ್ತೋ ನಾಳೆಯೋ ಕೋಲು ಹಾಕಿ ನನ್ನನ್ನು ಮಗುಚುತ್ತಾಳೆ. ಆಗ ನಾನು ಯಾರ ಕಡೆಯವನು ಎಂದು ಕೇಳಿದರೆ ಹೇಳಲು ನನಗೆ ಗೊತ್ತಿಲ್ಲ.