ಹದಿನಾರು ಕೂಡಿಸಿದ ಮನೆ

ನಾನು ಒಂದು ಪಲ್ಸ್ ಆಕ್ಸಿಮೀಟರ್. ನೋಡಲು ಬಟ್ಟೆ ಒಣಹಾಕುವ ಕ್ಲಿಪ್ಪಿನ ಅಣ್ಣನಂತಿದ್ದೇನೆ. ಬೆರಳನ್ನು ಬಾಯಲ್ಲಿ ಹಿಡಿದು, ಕೆಂಪು ಬೆಳಕು ಹಾಯಿಸಿ, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ತೊಂಬತ್ತೈದು ದಾಟಿದರೆ ಕ್ಷೇಮ. ತೊಂಬತ್ತಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಬೇಕು.

ಕೊರೊನಾದ ಎರಡನೆಯ ಅಲೆಯ ಅವಸರದಲ್ಲಿ ಹುಟ್ಟಿದವನು ನಾನು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ತನ್ನ ಬೆರಳನ್ನೇ ಇಟ್ಟು ನೋಡಿದಳು. ತೊಂಬತ್ತೆಂಟು ಬಂತು. ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿದಳು. ಒಂದೇ ಒಂದು ಬೆರಳು! ಅಷ್ಟು ಪರೀಕ್ಷೆ ಸಾಕೆ? ನಾನು ಹೇಳುವುದು ನಿಜವೇ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಬಾಗಲಕೋಟೆ ಸೀಮೆಯ ಒಂದು ನೇಕಾರರ ಊರಿನ ಆಶಾ ಕಾರ್ಯಕರ್ತೆ ಹುಸೇನಬಿಯ ಕೈಗೆ ನಾನು ಬಂದೆ. ಅವಳ ಚೀಲದಲ್ಲಿ ಕೂತು ಮನೆ ಮನೆ ಸುತ್ತಿದೆ. ಎಂಥ ಸಂಭ್ರಮ! ನಾನು ಬಂದೆನೆಂದರೆ ಕಟ್ಟೆಯ ಮೇಲೆ ಜನ ಸಾಲುಗಟ್ಟುತ್ತಿದ್ದರು.

“ನನಗ ತೊಂಬತ್ತೊಂಬತ್ತು! ನಿನಗೆಷ್ಟ ಬಂತವಾ?”

“ತೊಂಬತ್ತಾರು.”

“ಶಾಲ್ಯಾಗೂ ನೀ ಹಿಂಗ ಇದ್ದಿ ಬಿಡು.”

ಒಂದು ದಿನ ಬಣ್ಣದ ಓಣಿಗೆ ಹೋದೆವು. ಅಲ್ಲಿ ಬಸಲಿಂಗಪ್ಪ ಮೂವತ್ತು ವರ್ಷದಿಂದ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ಬರಿಗೈಯನ್ನೇ ಹಂಡೆಗೆ ಇಳಿಸುವ ಮನುಷ್ಯ. ಅವನ ಬೆರಳು, ಉಗುರು ಎಲ್ಲ ಕಡುನೀಲಿ. ನಾನು ಬಾಯಿ ಮುಚ್ಚಿ ಬೆಳಕು ಹಾಯಿಸಿದೆ. ಕತ್ತಲು ಕತ್ತಲಾಗಿ ಕಂಡಿತು. ಎಂಬತ್ತೊಂದು ಎಂದೆ.

ಹೆಂಡತಿ ದುಂಡವ್ವ ಎದೆ ಬಡಿದುಕೊಂಡಳು. ಬಸಲಿಂಗಪ್ಪ ಮಾತ್ರ ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ನಗುತ್ತ ನಿಂತಿದ್ದ. ಹುಸೇನಬಿ ಅವನ ಕಾಲಿನ ಹೆಬ್ಬೆರಳಿಗೆ ನನ್ನನ್ನು ಸಿಕ್ಕಿಸಿದಳು. ಅಲ್ಲಿ ತೊಂಬತ್ತೇಳು!

“ಕೈಯಾಗಿನ ಬಣ್ಣ ಇದಕ್ಕ ಅಡ್ಡ ಬರ್ತೈತ್ರಿ. ಗಾಬರಿ ಆಗಬ್ಯಾಡ್ರಿ ಅಕ್ಕಾರ.”

ಅವರ ಮಗಳು ಕಸ್ತೂರಿ ಪಿಯುಸಿ ಓದುತ್ತಿದ್ದಳು. ಥಟ್ಟನೆ ಲೆಕ್ಕ ಹಾಕಿದಳು: “ಹಂಗಾದ್ರ ಅಪ್ಪನ ಕೈಗೆ ಹದಿನಾರು ಕೂಡಿಸಿದ್ರಾತು!”

ಎಲ್ಲರೂ ಭೇಷ್ ಎಂದರು. ನನಗೆ ನಾಚಿಕೆಯಾಯಿತು. ಮೊದಲ ಸಲ ತಪ್ಪು ಹೇಳಿದ್ದೆನಲ್ಲ.

ನಾಲ್ಕು ವಾರದಲ್ಲಿ ಊರಿನ ರೂಪವೇ ಬದಲಾಯಿತು. ಲಾಕ್‌ಡೌನಿನಿಂದ ನೂಲು ಬರುವುದು ನಿಂತು ಹಂಡೆಗಳು ಬೋರಲು ಬಿದ್ದವು. ಅದರ ಮೇಲೆ, ಪುರಸಭೆ ಅಧ್ಯಕ್ಷರ ಆಯ್ಕೆಯಲ್ಲಿ ಮೋಸವಾಯಿತೆಂದು ಊರು ಎರಡು ಬಣವಾಯಿತು. ಟೈರು ಉರಿದವು, ಕಲ್ಲು ಹಾರಿದವು, ನಿಷೇಧಾಜ್ಞೆ ಬಂತು. ಬಸಲಿಂಗಪ್ಪ ಅಧ್ಯಕ್ಷರ ಬಣ. ಟಂಟಂ ಎಂಬ ಮೂರು ಗಾಲಿಯ ಗಾಡಿ ಓಡಿಸುವ ಎದುರು ಮನೆಯ ಕಾಡಪ್ಪ ಇನ್ನೊಂದು ಬಣ. ಇಪ್ಪತ್ತು ವರ್ಷದ ಗೆಳೆಯರು ಮಾತು ಬಿಟ್ಟರು.

ಅಂಥ ಹೊತ್ತಿನಲ್ಲಿ ಬಸಲಿಂಗಪ್ಪನಿಗೆ ಜ್ವರ ಬಂದು, ಪರೀಕ್ಷೆಯಲ್ಲಿ ಕೊರೊನಾ ಎಂದಾಯಿತು. ಅವನನ್ನು ಮಗ್ಗದ ಕೋಣೆಯಲ್ಲಿ ಬೇರೆ ಮಲಗಿಸಿದರು. ಐದನೆಯ ದಿನ ಹುಸೇನಬಿ ಹೇಗೋ ಓಣಿಗೆ ಬಂದು, ಬಾಗಿಲಲ್ಲೇ ನನ್ನನ್ನು ಕಸ್ತೂರಿಯ ಕೈಗಿಟ್ಟಳು. “ನಾಳೆಯಿಂದ ಪೊಲೀಸರು ಬಿಡೂದಿಲ್ಲವಾ. ಮುಂಜಾನಿ ಒಮ್ಮಿ ನೋಡಿ ಫೋನ್ ಹಚ್ಚು.”

ಮುಂಜಾನೆ ಕಸ್ತೂರಿ ನೋಡಿದಳು. ಎಂಬತ್ತೊಂದು. “ಹದಿನಾರು ಕೂಡಿಸಿದ್ರ ತೊಂಬತ್ತೇಳು!” ಎಂದುಕೊಂಡು, ಹುಸೇನಬಿಗೆ ಫೋನಿನಲ್ಲಿ ತೊಂಬತ್ತೇಳು ಎಂದಷ್ಟೇ ತಿಳಿಸಿದಳು.

ನನಗೆ ದಿಗಿಲಾಯಿತು. ಈ ಸಲ ಬೆರಳು ಕತ್ತಲಾಗಿರಲಿಲ್ಲ! ನಾಲ್ಕು ವಾರ ಬಣ್ಣ ಮುಟ್ಟಿರಲಿಲ್ಲ; ದಿನಕ್ಕೆ ಇಪ್ಪತ್ತು ಸಲ ಸಾಬೂನು ಹಚ್ಚಿ ತೊಳೆದ ಕೈ; ಉಗುರನ್ನೂ ದುಂಡವ್ವ ಉಜ್ಜಿ, ಕತ್ತರಿಸುತ್ತ ಬಂದಿದ್ದಳು. ಬೆಳಕು ಸಲೀಸಾಗಿ ಹಾಯ್ದು ಹೋಗುತ್ತಿತ್ತು. ಆದರೂ ನಾನು ಖಚಿತವಾಗಿ ಹೇಳಬಲ್ಲೆನೇ? ಒಮ್ಮೆ ತಪ್ಪಿದವನು ಮತ್ತೆ ತಪ್ಪಿರಬಹುದಲ್ಲ?

ಮರುದಿನ ಎಂಬತ್ತನಾಲ್ಕು. ಕಸ್ತೂರಿ ಕುಣಿದಳು. “ಯವ್ವಾ, ನೂರಕ್ಕ ನೂರು!” ದುಂಡವ್ವ ಶ್ಯಾವಿಗೆ ಪಾಯಸ ಮಾಡಿದಳು. ಎರಡು ಚಮಚ ಉಣ್ಣುವಷ್ಟರಲ್ಲಿ ಬಸಲಿಂಗಪ್ಪ ಮೂರು ಸಲ ನಿಂತು ಉಸಿರೆಳೆದುಕೊಂಡ. “ನೂರು ಬಂದೈತಲಾ, ಬರೇ ದಣಿವು” ಎಂದ.

ಮೂರನೆಯ ಬೆಳಿಗ್ಗೆ ಎಂಬತ್ತಾರು ತೋರಿಸಿದೆ.

“ಎಂಬತ್ತಾರು, ಹದಿನಾರು...” ಕಸ್ತೂರಿಯ ದನಿ ನಿಂತಿತು. “ನೂರಾ ಎರಡು? ನೂರರ ಮ್ಯಾಲ ಹೆಂಗ ಬರ್ತೈತಿ?”

ಅವಳು ಅಪ್ಪನ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗೋಧಿಬಣ್ಣದ ಬೆರಳು. ನೀಲಿಯ ಸುಳಿವಿಲ್ಲ. ಹುಚ್ಚಿಯಂತೆ ಬಾಗಿ ಕಾಲಿನ ಹೆಬ್ಬೆರಳಿಗೆ ನನ್ನನ್ನು ಸಿಕ್ಕಿಸಿದಳು. ಎಂಬತ್ತಾರು. ತನ್ನ ಬೆರಳಿಗೆ ಸಿಕ್ಕಿಸಿದಳು. ತೊಂಬತ್ತೆಂಟು.

“ಯವ್ವಾ! ಅಪ್ಪಂದು ಎಂಬತ್ತಾರ ಐತಿ! ಮೂರ ದಿನದಿಂದ ನಾ ಸುಳ್ಳ ಕೂಡಿಸೀನಿ!”

ಆಂಬುಲೆನ್ಸ್‌ನವರು ಎರಡು ತಾಸು ಎಂದರು. ಕಸ್ತೂರಿ ಕಾಡಪ್ಪನ ಬಾಗಿಲಿಗೆ ಓಡಿದಳು. ನಾನು ಅವಳ ಮುಷ್ಟಿಯಲ್ಲಿದ್ದೆ.

“ಕಾಕಾ, ಅಪ್ಪಗ ಉಸಿರ ಸಾಲವಲ್ದು.”

“ಯಾಕ, ನಿಮ್ಮ ಅಧ್ಯಕ್ಷರ ಕಾರು ಬರೂದಿಲ್ಲೇನು?” ಎನ್ನುತ್ತಲೇ ಕಾಡಪ್ಪ ಮಾಸ್ಕ್ ಕಟ್ಟಿಕೊಂಡು, ಟಂಟಂನ ಕೀಲಿ ಕಿತ್ತುಕೊಂಡು ಹೊರಬಿದ್ದ.

ಟಂಟಂ ಮೇಲೆ ಅವನ ಬಣದ ಬಾವುಟವಿತ್ತು. ಬಸಲಿಂಗಪ್ಪ ಮೆಟ್ಟಿಲಲ್ಲೇ ನಿಂತ. “ಆ ಬಾವುಟದ ಕೆಳಗ... ನಾ ಕೂಡಾಂವಲ್ಲ.”

“ಲೇ ಬಸಲಿಂಗಾ, ಕೂಡು. ಜಗಳ ಆಡಾಕರ ನೀ ಇರಬೇಕಲ್ಲಲೇ!” ಕಾಡಪ್ಪ ಬಾವುಟ ಕಿತ್ತು ಸೀಟಿನ ಕೆಳಗೆ ತುರುಕಿದ.

ಅಬ್ಬ, ಆ ಓಟ! ಸುಟ್ಟ ಟೈರು, ಕಲ್ಲುಗಳ ನಡುವೆ ಟಂಟಂ ನೆಗೆಯಿತು. ನಾನು ಬಸಲಿಂಗಪ್ಪನ ಬೆರಳು ಕಚ್ಚಿ ಕೂತಿದ್ದೆ. ವೃತ್ತದಲ್ಲಿ ಪೊಲೀಸರು ತಡೆದರು. “ಪರವಾನಗಿ ಎಲ್ಲಿ?” ಕಸ್ತೂರಿ ಅಪ್ಪನ ಕೈ ಎತ್ತಿ ತೋರಿಸಿದಳು. ಆಗ ನಾನು ಎಂಬತ್ಮೂರು ಎನ್ನುತ್ತಿದ್ದೆ. ಪೇದೆ ಒಮ್ಮೆ ನನ್ನನ್ನು ನೋಡಿ, ತಾನೇ ಓಡಿ ಬ್ಯಾರಿಕೇಡ್ ಎಳೆದ.

ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು, ಆಮ್ಲಜನಕದ ನಳಿಗೆ ಹಾಕಿದರು. ಎಂಬತ್ತೆಂಟು. ತೊಂಬತ್ತೊಂದು. ತೊಂಬತ್ತನಾಲ್ಕು! ನನ್ನ ಜೀವನದಲ್ಲಿ ಇಷ್ಟು ಖುಷಿಯಿಂದ ಯಾವ ಸಂಖ್ಯೆಯನ್ನೂ ಹೇಳಿಲ್ಲ. ಹನ್ನೆರಡು ದಿನದ ಮೇಲೆ ಬಸಲಿಂಗಪ್ಪ ಮನೆಗೆ ಬಂದ.

ಈಗ ನನಗೆ ವಯಸ್ಸಾಗಿದೆ. ಸ್ಪ್ರಿಂಗ್ ಸಡಿಲವಾಗಿದೆ, ಸಂಖ್ಯೆಯ ಒಂದು ಗೆರೆ ಹೊತ್ತುವುದಿಲ್ಲ. ಹುಸೇನಬಿಗೆ ಹೊಸದು ಬಂತು. ನಾನು ಬಸಲಿಂಗಪ್ಪನ ಮನೆಯ ಗೋಡೆಯ ಗೂಡಿನಲ್ಲಿ ಉಳಿದೆ. ನಾನು ನಿಜ ಹೇಳಿದೆ ಎಂದು ಬೀಗಲಾರೆ. ಮೂರು ದಿನ ನಿಜವನ್ನೇ ಹೇಳಿದ್ದೆ, ಯಾರಿಗೂ ಮುಟ್ಟಲಿಲ್ಲ. ತನ್ನ ಲೆಕ್ಕವನ್ನು ತಾನೇ ಅನುಮಾನಿಸಿದ ಹುಡುಗಿ ಅವನನ್ನು ಉಳಿಸಿದಳು. ಅನುಮಾನವೂ ಕೆಲಸಕ್ಕೆ ಬರುತ್ತದೆ ಎಂದು ಅವಳಿಂದ ಕಲಿತೆ.

ಸಂಜೆಯಾದರೆ ಎದುರುಬದುರಿನ ಎರಡೂ ಕಟ್ಟೆಗಳಿಂದ ಜಗಳ ಕೇಳುತ್ತದೆ.

“ನಿಮ್ಮ ಅಧ್ಯಕ್ಷ ಕಳ್ಳ!”

“ನಿಮ್ಮಾಂವ ಅವನ ಗುರು!”

ಓಣಿಯ ಆ ತುದಿಯ ತನಕ ಹೋಗುವ ದನಿ ಬಸಲಿಂಗಪ್ಪನದು. ನಡುವೆ ಒಮ್ಮೆಯೂ ನಿಂತು ಉಸಿರೆಳೆದುಕೊಳ್ಳುವುದಿಲ್ಲ. ಅಷ್ಟು ಬೈಯುವವನ ಬೆರಳಿಗೆ ನಾನು ಬೇಕಿಲ್ಲ. ಗೂಡಿನಲ್ಲೇ ಕೂತು ಕೇಳುತ್ತೇನೆ.