ಹೊಟ್ಟೆ ತುಂಬಿದ ಬಾಲ್ಯ

ನಮ್ಮಣ್ಣ ದೊಡ್ಡ ಲೇಖಕ. ಹಸಿವಿನ ಬಗ್ಗೆ ಅವನಷ್ಟು ಚೆನ್ನಾಗಿ ಬರೆದವರು ಇನ್ನೊಬ್ಬರಿಲ್ಲ ಅಂತ ವಿಮರ್ಶಕರು ಹೇಳುತ್ತಾರೆ. ಮನೆಯಲ್ಲಿ ಅವನ ಹೆಸರು ಡುಮ್ಮ. ಮನೆಯಲ್ಲೇನು ಬಂತು, ಇಡೀ ಬೀದಿಗೇ ಡುಮ್ಮ. ಶಾಲೆಯ ಚಡ್ಡಿಯ ಹೊಲಿಗೆ ಬಿಚ್ಚಿ ಅಗಲ ಮಾಡಿ ಮಾಡಿ ದರ್ಜಿಯೇ ಬೇಸತ್ತು, "ಇನ್ನು ಬಿಡೋಕೆ ಬಟ್ಟೆ ಇಲ್ಲ" ಅಂತ ಕೈಚೆಲ್ಲಿದ್ದ.

ಡುಮ್ಮನಾಗದೆ ಇನ್ನೇನಾಗುತ್ತಾನೆ? ನಮ್ಮದು ಊಟದ ಮೆಸ್ಸು. ಕೆಳಗಡೆ ಮೆಸ್ಸು, ಮಹಡಿಯ ಮೇಲೆ ಮನೆ. ಕಾಲೇಜಿನ ಹುಡುಗರು, ಪ್ರೆಸ್ಸಿನ ಕೆಲಸಗಾರರು, ಎದುರಿನ ಅಂಗಡಿಯ ವಾಚ್ ರಿಪೇರಿಯವರು, ಹೀಗೆ ಎರಡು ಹೊತ್ತೂ ಐವತ್ತು ಜನಕ್ಕೆ ಅಮ್ಮ ಒಬ್ಬಳೇ ಬೇಯಿಸಿ ಬಡಿಸುತ್ತಿದ್ದಳು. ಬಡಿಸುವಾಗ ಅವಳು ತಟ್ಟೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು. ಸಾಕು ಅಂದವರಿಗೂ ಇನ್ನೊಂದು ಸೌಟು ಬೀಳುತ್ತಿತ್ತು. ಈಗ ಮೆಸ್ಸು ನಡೆಸುವವಳು ನಾನು. ಅಮ್ಮನ ಕಣ್ಣಿಗೆ ಪೊರೆ ಬಂದಿದೆ, ಆದರೂ ದಿನಾ ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಉಪ್ಪು ಖಾರ ಹೇಳುತ್ತಾಳೆ. ಅವಳಿಗೆ ಆಸ್ತಿ ಇಲ್ಲ, ಓದಿಲ್ಲ, ಜಂಬವೂ ಇಲ್ಲ. ಒಂದೇ ಒಂದು ಹೆಮ್ಮೆ: "ನನ್ನ ಮನೇಲಿ ಯಾರೂ ಹಸ್ಕೊಂಡು ಮಲಗಿಲ್ಲ."

ಇಂಥವಳ ಮಗ ಆತ್ಮಕಥೆ ಬರೆದ.

ಪುಸ್ತಕ ಮನೆಗೆ ಬಂದ ದಿನ ಅಮ್ಮ ಅದನ್ನು ಸೆರಗಿನಿಂದ ಒರೆಸಿ, ಮೂಸಿ ನೋಡಿ, ನನ್ನ ಕೈಗೆ ಕೊಟ್ಟಳು. "ಮೊದಲಿಂದ ಓದೇ. ಒಂದಕ್ಷರ ಬಿಡಬೇಡ" ಅಂದಳು.

ಮೊದಲ ಸಾಲು ಹೀಗಿತ್ತು: 'ನನ್ನ ಮೊದಲ ನೆನಪು ಹಸಿವು.'

ನಾನು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಕಣ್ಣಲ್ಲೇ ಮುಂದೆ ಓದಿದೆ. ನಾಲ್ಕನೇ ಪುಟಕ್ಕೆ ಅಪ್ಪ ಸತ್ತ. ನಮ್ಮಪ್ಪ ಬಸ್ ಓಡಿಸುತ್ತಿದ್ದ. ಡುಮ್ಮನ ಮೊದಲ ಕಥೆ ಪತ್ರಿಕೆಯಲ್ಲಿ ಬಂದಾಗ ಬಸ್ ನಿಲ್ಲಿಸಿ ಪ್ರಯಾಣಿಕರಿಗೆಲ್ಲ ಓದಿ ಹೇಳಿ ಮೇಲಿನವರಿಂದ ಬೈಸಿಕೊಂಡ ಪುಣ್ಯಾತ್ಮ. ಅವನನ್ನು ಈ ಮಹರಾಯ ಇಪ್ಪತ್ತು ವರ್ಷ ಮೊದಲೇ ಮುಗಿಸಿಬಿಟ್ಟಿದ್ದ. ಆರನೇ ಪುಟದಲ್ಲಿ ಬೀದಿದೀಪದ ಕೆಳಗೆ ನಿಂತು ಓದಿದ. ನಿಂತಿದ್ದು ನಿಜ. ಎದುರುಮನೆ ಹುಡುಗಿಯ ಕಿಟಕಿ ಅಲ್ಲಿಗೆ ಸರಿಯಾಗಿ ಕಾಣುತ್ತಿತ್ತು. ಇದನ್ನೆಲ್ಲ ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಆದರೆ ಎಂಟನೇ ಪುಟದಲ್ಲಿ ಅಮ್ಮ ಬಂದಳು.

'ಮಹಡಿಯ ಮೇಲೆ ನಾನು ಹಸಿದು ಮಲಗಿರುತ್ತಿದ್ದೆ. ಕೆಳಗಿನಿಂದ ತಟ್ಟೆಗಳ ಸದ್ದು, ಬಿಸಿ ಅನ್ನದ ಪರಿಮಳ. ಊರಿಗೆಲ್ಲ ಬಡಿಸಿದ ಆ ಕೈಗೆ ನಾನೊಬ್ಬ ನೆನಪಾಗಲಿಲ್ಲ.'

ನನ್ನ ಮೈಯೆಲ್ಲ ಉರಿದುಹೋಯಿತು.

"ಯಾಕೆ ನಿಲ್ಲಿಸಿದೆ? ಅಕ್ಷರ ಸಣ್ಣದಾ?" ಅಂದಳು ಅಮ್ಮ.

"ಇಲ್ಲ, ಕೇಳು" ಅಂತ ಗಂಟಲು ಸರಿಮಾಡಿಕೊಂಡು ಓದಿದೆ: "ನನ್ನ ಮೊದಲ ನೆನಪು ಅಮ್ಮನ ಕೈಯ ಬಿಸಿ ಅನ್ನ."

"ಎರಡು ಸಲ ಹಾಕಿಸ್ಕೊಳ್ತಿದ್ದ" ಅಂತ ಅಮ್ಮ ಬೊಚ್ಚುಬಾಯಿ ತುಂಬ ನಕ್ಕಳು.

ಒಂದು ವಾರ, ಪಾತ್ರೆ ತೊಳೆದಾದ ಮೇಲೆ, ನಾನು ಪುಟ ತಿರುಗಿಸುತ್ತಾ ಬಾಯಿಗೆ ಬಂದದ್ದನ್ನು ಓದಿದೆ. ಅಪ್ಪ ಬದುಕಿದ, ಬಸ್ ಓಡಿಸಿದ, ಎಲ್ಲರೂ ಹೊಟ್ಟೆ ತುಂಬ ಉಂಡರು. "ಇಷ್ಟು ಚೆನ್ನಾಗಿ ಅವನು ಯಾವತ್ತೂ ಬರೆದಿರಲಿಲ್ಲ ಕಣೇ" ಅಂತ ಅಮ್ಮ ಹೇಳಿದಾಗ ನನಗೂ ಸ್ವಲ್ಪ ಕೊಂಬು ಬಂತು.

ಆಮೇಲೆ ಡುಮ್ಮನ ಮನೆಗೆ ಹೋದೆ. ಗೋಡೆ ತುಂಬ ಪ್ರಶಸ್ತಿ ಫಲಕಗಳ ನಡುವೆ ಕೂತು ಬಾದಾಮಿ ತಿನ್ನುತ್ತಿದ್ದ.

"ಏನಣ್ಣ ಇದು? ಅಮ್ಮ ನಿಂಗೆ ಊಟ ಹಾಕೋದು ಮರೆತ್ಲಾ?"

"ಅದು ಸಾಹಿತ್ಯ ಕಣೇ."

"ಮೇಲೆ ಆತ್ಮಕಥೆ ಅಂತ ಹಾಕಿದ್ದೀಯಲ್ಲ!"

ಅವನು ನಿಟ್ಟುಸಿರು ಬಿಟ್ಟ. "ಮೊದಲು ಇದ್ದದ್ದು ಇದ್ದ ಹಾಗೇ ಬರೆದೆ. ಬಾಲ್ಯದಲ್ಲಿ ಹೋರಾಟ ಸಾಲದು ಅಂತ ಪ್ರಕಾಶಕರು ವಾಪಸ್ ಕಳಿಸಿದ್ರು. ನನ್ನ ಕಷ್ಟ ನಿಂಗೇನು ಗೊತ್ತು? ನನ್ನ ಜೊತೆ ಓದಿದ ಆ ಚಿತ್ರಕಾರನನ್ನ ನೋಡು, ಹುಟ್ಟುತ್ಲೇ ತಾಯಿ ಹೋದಳು. ಅದೃಷ್ಟವಂತ. ಇನ್ನೊಬ್ಬ ಹಾಡುಗಾರ, ಹನ್ನೆರಡು ವರ್ಷಕ್ಕೇ ಮನೆ ಬಿಟ್ಟು ಓಡಿಹೋದ. ನಾನೂ ಒಂದ್ಸಲ ಓಡಿಹೋಗಿದ್ದೆ, ನೆನಪಿದ್ಯಾ?"

"ಊಟದ ಹೊತ್ತಿಗೆ ವಾಪಸ್ ಬಂದೆ."

"ಅದೇ ಮತ್ತೆ! ಅದರಲ್ಲಿ ಒಂದು ಪ್ಯಾರಾ ಆಗಲ್ಲ." ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಹಸಿವೇ ಇಲ್ಲದೆ ಬೆಳೆದ ದುಃಖಕ್ಕೆ ಅತ್ತವರನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಬೈದೆ, ಕಾಡಿದೆ, ಕೊನೆಗೆ ಕೈ ಮುಗಿದೆ. ಅಮ್ಮನ ಕಿವಿಗೆ ಇದು ಬೀಳಬಾರದು, ಬಿದ್ದರೆ ಅವಳು ಉಳಿಯುವುದಿಲ್ಲ ಅಂದೆ. ಬಿಡುಗಡೆ ಸಮಾರಂಭದಲ್ಲಿ ಆ ಭಾಗ ಓದುವುದಿಲ್ಲ ಅಂತ ಮಾತು ಕೊಟ್ಟ. ಹಾಗಾದರೆ ಅವಳನ್ನು ಕರೆಸಲೇಬೇಡ ಅಂದರೆ ಮಾತ್ರ ಕೇಳಲಿಲ್ಲ. "ತಾಯಿ ವೇದಿಕೆ ಮೇಲೆ ಇರ್ತಾರೆ ಅಂತ ಪತ್ರಿಕೆಯವರಿಗೆಲ್ಲ ಹೇಳಿಯಾಗಿದೆ" ಅಂದ.

ಅಮ್ಮನನ್ನು ವೇದಿಕೆಯ ನಡುವಿನ ಕುರ್ಚಿಯಲ್ಲೇ ಕೂರಿಸಿದರು. ಕಪಾಟಿನ ಒಳ್ಳೆ ಸೀರೆ ಉಟ್ಟುಕೊಂಡು, ಮದುವೆಗೆ ಬಂದವಳ ಹಾಗೆ ಕೂತಿದ್ದಳು. ನಾನು ಮೊದಲ ಸಾಲಿನಲ್ಲಿ, ಪಕ್ಕದಲ್ಲಿ ವಾಚ್ ರಿಪೇರಿಯವರು. ಅವರಿಗೂ ವಯಸ್ಸಾಗಿದೆ, ಆದರೆ ಮೆಸ್ಸಿನ ಊಟ ಬಿಟ್ಟಿಲ್ಲ.

ಡುಮ್ಮ ಮಾತು ಉಳಿಸಿಕೊಂಡ. ಅವನು ಓದಲಿಲ್ಲ. ಓದಿದವರು ಮುಖ್ಯ ಅತಿಥಿ ಪ್ರೊಫೆಸರು. "ಈ ಸಾಲು ಓದಿದ ದಿನ ನನಗೆ ತುತ್ತು ಇಳಿಯಲಿಲ್ಲ" ಅಂದರು. ನೋಡಿದರೆ ಬೇರೆಲ್ಲ ದಿನ ಚೆನ್ನಾಗಿಯೇ ಇಳಿದಂತಿತ್ತು. ಕನ್ನಡಕ ಏರಿಸಿ, ದನಿ ನಡುಗಿಸಿ, ಎಂಟನೇ ಪುಟವನ್ನು ಪೂರ್ತಿ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು.

ಅಮ್ಮ ಮೊದಮೊದಲು ಅಯ್ಯೋ ಪಾಪ ಅಂತ ತಲೆಯಾಡಿಸುತ್ತಿದ್ದಳು. ಯಾರದೋ ಮಗುವಿನ ಕಥೆ ಅಂದುಕೊಂಡಿದ್ದಳು. ಮೆಸ್ಸು, ಮಹಡಿ ಅಂತ ಬಂದಾಗ ತಲೆಯಾಟ ನಿಂತಿತು. ಮೆಲ್ಲಗೆ ಡುಮ್ಮನ ಕಡೆ ತಿರುಗಿದಳು. ಅವನು ನೀರಿನ ಬಾಟಲಿಯ ಮೇಲೆ ಏನು ಬರೆದಿದೆ ಅಂತ ಗಮನವಿಟ್ಟು ಓದುತ್ತಿದ್ದ.

ಸಭೆಯಲ್ಲಿ ಮೂಗು ಒರೆಸುವ ಸದ್ದು. ನೋಡಿದರೆ ವಾಚ್ ರಿಪೇರಿಯವರೂ ಅಳುತ್ತಿದ್ದರು.

"ನನ್ನ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ನಲ್ಲಮ್ಮ ಅವನು" ಅಂದರು.

"ಹೌದಲ್ಲ! ಮತ್ತೆ ಯಾಕೆ ಅಳ್ತೀರಿ?"

"ಆದ್ರೂ ಹಸಿದಿದ್ದಾನೆ ಅಂತ ನಂಗೆ ಗೊತ್ತಾಗ್ಲಿಲ್ಲ ನೋಡು!"

ನಿರೂಪಕಿ ಅಮ್ಮನಿಗೆ ಎರಡು ಮಾತಾಡಿ ಅಂತ ಮೈಕು ಹಿಡಿದಳು. ನಾನು ಎದ್ದು ಓಡಿದೆ. ಮೆಟ್ಟಿಲ ಹತ್ತಿರ ಸ್ವಯಂಸೇವಕನೊಬ್ಬ ಕೈ ಅಡ್ಡ ಹಿಡಿದು, "ಮನೆಯವರು ಫೋಟೋ ಟೈಮಲ್ಲಿ ಬನ್ನಿ" ಅಂದ. ಅಲ್ಲೇ ನಿಂತು ಕಾದೆ. ಕೊಳೆತ ಈರುಳ್ಳಿ ತಂದ ಮಂಡಿಯವನನ್ನು ಬೀದಿಯ ತುದಿವರೆಗೆ ಅಟ್ಟಿಸಿಕೊಂಡು ಹೋದ ಹೆಂಗಸು ನಮ್ಮಮ್ಮ. ಉಗಿಯಲಿ, ಎಲ್ಲರೆದುರು ಇವನ ಮುಖದ ನೀರಿಳಿಸಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಐವತ್ತು ಜನ ಬರ್ತಿದ್ರು" ಅಂದಳು ಅಮ್ಮ. "ಮಕ್ಕಳಿಗೆ ಹಾಕಿ ಆಮೇಲೇ ಬಾಗಿಲು ತೆಗೀತಿದ್ದೆ. ಹಾಗಂತ್ಲೇ ನನ್ನ ನೆನಪು. ಆದ್ರೆ ಅವನು ಓದಿದೋನು. ಇಷ್ಟು ಜನ ಓದೋ ಪುಸ್ತಕದಲ್ಲಿ ಸುಮ್ಸುಮ್ನೆ ಬರೀತಾನಾ? ನಾನೇ ಮರೆತಿರ್ಬೇಕು." ಅವನ ಕಡೆ ತಿರುಗಿದಳು. "ತಪ್ಪಾಯ್ತು ಕಣಪ್ಪ. ಹಸಿವು ಅಂತ ಒಂದು ಮಾತು ನಂಗೆ ಹೇಳ್ಬಾರ್ದಿತ್ತಾ?"

ಇಲ್ಲಮ್ಮ, ಅನ್ನುವ ಒಂದು ಮಾತು ಸಾಕಿತ್ತು. ಪುಸ್ತಕವೇನೂ ಸುಟ್ಟುಹೋಗುತ್ತಿರಲಿಲ್ಲ. ಡುಮ್ಮ ಎದ್ದು ಬಂದ. ಅವನ ತುಟಿ ಅದುರಿದ್ದನ್ನು ನಾನು ಕಂಡೆ, ಹೇಳಿಬಿಡುತ್ತಾನೆ ಅಂತಲೇ ಅಂದುಕೊಂಡೆ. ಅವನು ಸಭೆಯನ್ನೊಮ್ಮೆ ನೋಡಿದ. ಆಮೇಲೆ ಅಮ್ಮನ ಎರಡೂ ಕೈ ಹಿಡಿದುಕೊಂಡು, ಮೈಕಿಗೆ ಕೇಳಿಸುವ ಹಾಗೆ, "ಹೋಗಲಿ ಬಿಡಮ್ಮ. ನಾನು ಯಾವತ್ತೋ ಕ್ಷಮಿಸಿದ್ದೀನಿ" ಅಂದ.

ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಟೋದಲ್ಲಿ ವಾಪಸ್ ಬರುವಾಗ ಅಮ್ಮ, "ಯಾವತ್ತು ಇರಬಹುದೇ ಅದು?" ಅಂದಳು.

"ಯಾವತ್ತೂ ಇಲ್ಲಮ್ಮ. ಸುಳ್ಳು ಬರೆದಿದ್ದಾನೆ. ಹೋರಾಟ ಸಾಲದು ಅಂತ ಸೇರಿಸಿದ್ದು. ನಂಗೆ ಅವನೇ ಹೇಳಿದ."

"ಸುಮ್ನಿರು. ನನ್ನ ಸಮಾಧಾನಕ್ಕೆ ಹೇಳ್ತೀಯ ನೀನು. ಓದುವಾಗ್ಲೂ ಹಾಗೇ ತಾನೆ ಮಾಡಿದ್ದು? ಇರೋದನ್ನೆಲ್ಲ ಬಿಟ್ಟು, ಇಲ್ಲದ್ದನ್ನ ಓದಿದೆ."

ಅಮ್ಮ ಮಬ್ಬು ಕಣ್ಣಲ್ಲಿ ಹೊರಗೆ ನೋಡುತ್ತಾ, ಆ ಐವತ್ತು ತಟ್ಟೆಗಳ ಹಳೆಯ ದಿನಗಳನ್ನೆಲ್ಲ ಒಂದೊಂದಾಗಿ ತಡಕುತ್ತಿದ್ದಳು. ಮನೆ ಹತ್ತಿರ ಬಂದಾಗ ಅವಳ ಮುಖ ಹಗುರಾಯಿತು.

"ನೀನು ಹುಟ್ಟಿದ ವರ್ಷ ಇರಬೇಕು ಕಣೇ" ಅಂದಳು. "ಆಗ ನಂಗೆ ಹುಷಾರಿರಲಿಲ್ಲ. ನೀನೋ, ಮೂರು ಹೊತ್ತೂ ಅಳೋಳು. ನಿನ್ನ ಎತ್ಕೊಂಡು ಅವನನ್ನ ಮರೆತಿರ್ತೀನಿ."

ಆಮೇಲೆ ನನ್ನ ಕೈ ಸವರಿ, "ನಿನ್ನದೇನು ತಪ್ಪು ಬಿಡು, ನೀನಿನ್ನೂ ಮಗು" ಅಂದಳು.