ಕೊನೆಗೆ ಹಾಕುವ ಉಪ್ಪು

ನದಿಯ ಈಚೆ ನಮ್ಮ ಸೀಮೆ, ಆಚೆ ಅವರ ಸೀಮೆ, ನಡುವೆ ಒಂದೇ ಸೇತುವೆ. ಮದುವೆ, ವ್ಯಾಪಾರ, ಜಗಳ ಎಲ್ಲವೂ ಆ ಸೇತುವೆಯ ಮೇಲೆ ಓಡಾಡುತ್ತವೆ. ಊಟದ ವಿಷಯ ಬಂದರೆ ಮಾತ್ರ ನಾವೂ ಅವರೂ ಎಣ್ಣೆ ಸೀಗೇಕಾಯಿ.

ಅವರ ಹೋಟೆಲುಗಳಲ್ಲಿ ಮೇಜಿಗೆ ಬಿಳಿ ಬಟ್ಟೆ, ಬಡಿಸುವವರ ಕೈಗೆ ಗವಸು, ಅಗಲವಾದ ತಟ್ಟೆಯ ನಡುವೆ ಮಗುವಿನ ಹಿಡಿಯಷ್ಟು ಊಟ. ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಾರೆ. ನಮ್ಮಲ್ಲಿ ಮೇಜಿಗೆ ಬಟ್ಟೆ ಇಲ್ಲ, ಊಟ ತಟ್ಟೆಯ ಅಂಚು ಮೀರುತ್ತದೆ, ಯಾರಾದರೂ ಮಾತಿಲ್ಲದೆ ತಿಂದರೆ ಮೈ ಸರಿ ಇಲ್ಲವೇನೋ ಎಂದು ವಿಚಾರಿಸುತ್ತೇವೆ. ಅವರು ನಮ್ಮನ್ನು ಗದ್ದಲದವರು ಅನ್ನುತ್ತಾರೆ. ನಾವು ಅವರನ್ನು ತಕ್ಕಡಿಯವರು ಅನ್ನುತ್ತೇವೆ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವರು ನೀರನ್ನೂ ತೂಗುತ್ತಾರೆ, ಮೀನನ್ನೂ ತೂಗುತ್ತಾರೆ, ಉಪ್ಪನ್ನು ತೂಗಿ ಮೊದಲೇ ನೀರಿಗೆ ಹಾಕಿಬಿಡುತ್ತಾರೆ. ಆಮೇಲೆ ಪಾತ್ರೆಯ ಕಡೆ ತಲೆ ಹಾಕುವುದಿಲ್ಲ. ನಮ್ಮಲ್ಲಿ ಉಪ್ಪು ಕೊನೆಗೆ. ಒಲೆ ಆರಿಸಿ, ಒಂದು ಚಮಚ ನಾಲಿಗೆಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಈಚೆ ದಡದಲ್ಲಿ ಅಡುಗೆಯವನೆಂದರೆ ನಾಲಿಗೆ, ಕೈಕಾಲು ಆಮೇಲಿನ ಮಾತು.

ಆ ನಾಲಿಗೆಗೆ ನಮ್ಮಣ್ಣ ಹೆಸರುವಾಸಿ. ಅಪ್ಪ ಹೋದ ಮೇಲೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ನಾನು, ಒಲೆಯ ಮುಂದೆ ಅವನು. ಅವನ ಕೈಯ ಮೀನಿನ ಸೂಪು ಕುಡಿಯಲು ಜನ ನಿಂತು ಕಾಯುತ್ತಾರೆ. ಅವನಿಲ್ಲದಿದ್ದರೆ ಹೋಟೆಲಿಗೆ ಬೀಗವೇ ಗತಿ, ಅದು ನನಗೆ ಚೆನ್ನಾಗಿ ಗೊತ್ತು.

ಕಳೆದ ತಿಂಗಳು ಪತ್ರಿಕೆಯವಳೊಬ್ಬಳು ಎರಡೂ ದಡ ಸುತ್ತಿ ತಿಂದು, ಭಾನುವಾರದ ಪುರವಣಿಯಲ್ಲಿ ಪುಟ ತುಂಬ ಬರೆದಳು. ಆಚೆಯ ಬ್ರೆಡ್ಡು ಒಳ್ಳೆಯದಂತೆ, ಈಚೆಯ ಮಾಂಸ ಒಳ್ಳೆಯದಂತೆ. ಅಲ್ಲಿ ಶುಚಿ, ಇಲ್ಲಿ ಪ್ರೀತಿ. ಇಷ್ಟು ಹೇಳಲು ಸೇತುವೆ ದಾಟುವ ಅಗತ್ಯವೇ ಇರಲಿಲ್ಲ. ಆದರೆ ಕೊನೆಯಲ್ಲಿ ನಮ್ಮ ಸೂಪಿನ ಮಾತು ಎತ್ತಿದ್ದಳು. ಅದೂ ಆಚೆಯ ದೊಡ್ಡ ಹೋಟೆಲಿನ ಸೂಪೂ ಒಂದೇ ಕೈಯಿಂದ ಬಂದಂತಿವೆ, ಕಣ್ಣು ಕಟ್ಟಿ ಕುಡಿಸಿದರೆ ಯಾವುದು ಯಾವುದೆಂದು ಹೇಳಲಾಗದು ಎಂದು ಬರೆದಿದ್ದಳು. ಹೊಗಳಿಕೆ ಅಂದುಕೊಂಡೇ ಬರೆದಿರಬೇಕು ಪುಣ್ಯಾತ್ಗಿತ್ತಿ.

"ನಿಮ್ಮಣ್ಣ ಆಚೆಗೆ ಒಂದು ಕಾಲು ಇಟ್ಟಿದಾನೆ ನೋಡು," ಎಂದು ನನ್ನ ಗಂಡ ಪತ್ರಿಕೆ ಮಡಚುತ್ತಾ ನಕ್ಕ. ಅವನಿಗೆ ತಮಾಷೆ. ನನ್ನ ತಲೆಗೆ ಮಾತ್ರ ಹುಳ ಬಿಟ್ಟಂತಾಯಿತು.

ಅಂದಿನಿಂದ ಅಣ್ಣನನ್ನು ನೋಡುವ ಕಣ್ಣೇ ಬೇರೆಯಾಯಿತು. ಮೊದಲೆಲ್ಲ ಅಡುಗೆಮನೆಯಲ್ಲಿ ನನ್ನ ಜೊತೆ ಹರಟುತ್ತಿದ್ದವನು ಈಗ ಒಲೆ ಹಚ್ಚುವ ಹೊತ್ತಿಗೆ ಏನಾದರೂ ನೆಪ ಹೇಳಿ ನನ್ನನ್ನು ಹೊರಗೆ ಅಟ್ಟುತ್ತಿದ್ದ. ನಾನು ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಡುವಾಗ ಕಳ್ಳನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ. ರಜೆಯ ದಿನ ಶೂ ರಿಪೇರಿ ಅಂತ ಸೇತುವೆ ದಾಟುತ್ತಿದ್ದ. ಒಂದು ಜೊತೆ ಶೂಗೆ ಎಷ್ಟು ಸಲ ಹೊಲಿಗೆ ಬಿಡುತ್ತದೆ? ಕೊನೆಗೆ ಮೀನು ಮಾರುವವಳೇ ಬಾಯಿಬಿಟ್ಟಳು.

"ನಿಮ್ಮಣ್ಣ ಅಲ್ಲಿ ದೊಡ್ಡ ಹೋಟೆಲಿನ ಹಿಂಬಾಗಿಲಲ್ಲಿ ತಕ್ಕಡಿಯಮ್ಮನ ಜೊತೆ ನಿಂತಿದ್ರು. ನನ್ನ ನೋಡಿ ಮುಖ ತಿರುಗಿಸ್ಕೊಂಡ್ರು."

ತಕ್ಕಡಿಯಮ್ಮ ಅಂದರೆ ಆಚೆಯವರ ಮುಖ್ಯ ಅಡುಗೆಯವಳು, ನಾವಿಟ್ಟ ಹೆಸರು. ಅಂದು ಮಧ್ಯಾಹ್ನ ಅಣ್ಣ ಮಲಗಿದ್ದಾಗ ಅಡುಗೆಮನೆಯನ್ನು ಜಾಲಾಡಿದೆ. ಹಿಟ್ಟಿನ ಡಬ್ಬದ ಹಿಂದೆ, ಒರೆಸುವ ಬಟ್ಟೆಯಲ್ಲಿ ಸುತ್ತಿದ ಸಣ್ಣ ತಕ್ಕಡಿ ಸಿಕ್ಕಿತು. ಸಾರಾಯಿ ಬಾಟಲಿ ಸಿಕ್ಕಿದ್ದರೂ ನನಗೆ ಅಷ್ಟು ಮೈ ಉರಿಯುತ್ತಿರಲಿಲ್ಲ. ಎಲ್ಲ ಅರ್ಥವಾಯಿತು ಅಂದುಕೊಂಡೆ. ಅವರು ಇವನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ. ಹೋಗುವ ಮೊದಲು ನಮ್ಮ ಗಿರಾಕಿಗಳ ನಾಲಿಗೆಯನ್ನು ಆಚೆಯ ರುಚಿಗೆ ಪಳಗಿಸುತ್ತಿದ್ದಾನೆ, ನಾಳೆ ಅವನ ಹಿಂದೆ ಅವರೂ ಸೇತುವೆ ದಾಟಲಿ ಅಂತ.

ಮರುದಿನ ಬಾಗಿಲು ತೆರೆಯುವ ಮುಂಚೆ ಅವನು ಐಸು ಇಳಿಸಿಕೊಳ್ಳಲು ಹಿತ್ತಲಿಗೆ ಹೋದ. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ರುಚಿ ನೋಡಿದೆ. ಒಲೆ ಆರಿಸುವ ಮೊದಲೇ ಉಪ್ಪು ಬಿದ್ದಿತ್ತು, ತಕ್ಕಡಿಯವರ ಹಾಗೆ. ನಾನು ಡಬ್ಬಕ್ಕೆ ಕೈ ಹಾಕಿ ಇನ್ನೊಂದು ಹಿಡಿ ಉಪ್ಪು ಪಾತ್ರೆಗೆ ಸುರಿದೆ. ಇವನು ನಮ್ಮವನಾಗಿದ್ದರೆ ಒಂದು ಚಮಚ ಬಾಯಿಗಿಟ್ಟ ಕೂಡಲೇ ಪಾತ್ರೆ ಚೆಲ್ಲುತ್ತಾನೆ. ಬಾಯಿ ಮುಚ್ಚಿಕೊಂಡು ಬಡಿಸಿದರೆ ಮನೆಹಾಳನೇ ಸರಿ.

ಅವನು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ರುಚಿ ನೋಡಿದ್ಯಾ?" ಎಂದೆ.

ಚಮಚದಲ್ಲಿ ತೆಗೆದು, ನಾಲಿಗೆಗೆ ಮುಟ್ಟಿಸಿ, ಎಂದಿನಂತೆ ಕಣ್ಣು ಮುಚ್ಚಿದ. "ಸರಿಯಾಗಿದೆ," ಅಂದ.

ನನಗೆ ಕೋಪ ನೆತ್ತಿಗೇರಿತು. ಬಟ್ಟಲು ತುಂಬ ಬಗ್ಗಿಸಿ ಅವನ ಮುಂದೆ ಕುಕ್ಕಿದೆ.

"ಹಾಗಾದ್ರೆ ಕುಡಿ. ನನ್ನೆದುರೇ ಪೂರ್ತಿ ಕುಡಿ."

ಕುಡಿದ. ಈಗ ಮುಖ ಕಿವುಚುತ್ತಾನೆ, ಈಗ ಕೆಮ್ಮುತ್ತಾನೆ ಎಂದು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಹುಬ್ಬು ಕೂಡ ಅಲುಗಲಿಲ್ಲ. ನೀರು ಕುಡಿದಂತೆ ಕುಡಿದು ಮುಗಿಸಿದ. ಅಷ್ಟು ಹೊತ್ತೂ ಬಟ್ಟಲಿನ ಅಂಚಿನ ಮೇಲಿಂದ ಅವನು ನೋಡುತ್ತಿದ್ದದ್ದು ನನ್ನ ಮುಖವನ್ನು.

"ಯಾಕೆ, ಉಪ್ಪು ಕಮ್ಮಿ ಆಯ್ತಾ?" ಎಂದು ಮೆಲ್ಲಗೆ ಕೇಳಿದ.

ಹಿಟ್ಟಿನ ಡಬ್ಬದ ಮೇಲೆ ಕೂತುಬಿಟ್ಟೆ.

"ಯಾವಾಗಿಂದ?"

ಅವನು ಸುಳ್ಳು ಹೇಳಲು ನೋಡಲಿಲ್ಲ. "ಚಳಿಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ. ಉಪ್ಪು, ಸಿಹಿ, ಏನೂ ಗೊತ್ತಾಗಲ್ಲ. ವಾಸನೆನೂ ಇಲ್ಲ. ವಾಪಸ್ ಬರುತ್ತೆ ಅಂದ್ರು ಡಾಕ್ಟ್ರು. ಬರ್ಲಿಲ್ಲ."

"ಅದಕ್ಕೆ ಆ ಹೆಂಗಸಿನ ಹತ್ರ ಹೋದ್ಯಾ?"

"ಇನ್ಯಾರ ಹತ್ರ ಹೋಗ್ಲಿ? ನಾಲಿಗೆ ಇಲ್ದೆ ಅಡುಗೆ ಮಾಡೋದು ಅವರಿಗೆ ತಾನೆ ಗೊತ್ತು." ನಗಲು ನೋಡಿದ, ಆಗಲಿಲ್ಲ. "ಆಯಮ್ಮ ಏನೂ ಕೇಳ್ಲಿಲ್ಲ. ಎಲ್ಲಾ ಅಳತೆ ಹೇಳ್ಕೊಟ್ಲು, ಆ ತಕ್ಕಡಿನೂ ಅವಳದ್ದೇ."

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಅಳ್ತಿದ್ದೆ. ಅದು ಪರವಾಗಿಲ್ಲ. ಆಮೇಲೆ ನಾನು ಏನು ಮಾಡಿದ್ರೂ ನಿನಗೆ ಅನುಮಾನ."

"ಥೂ, ಹಾಗೆಲ್ಲ ಏನಿಲ್ಲ," ಎಂದೆ. ನಾಚಿಕೆಯಿಂದ ನನ್ನ ಮುಖ ಸುಡುತ್ತಿತ್ತು. ಉಪ್ಪು ಸುರಿದದ್ದನ್ನು ಒಪ್ಪಿಕೊಂಡೆ. ಅವನು ಖಾಲಿ ಬಟ್ಟಲಿನೊಳಗೆ ಒಮ್ಮೆ ಇಣುಕಿ ನೋಡಿದ. ಪಾತ್ರೆಯನ್ನು ಎತ್ತಿ ಮೋರಿಗೆ ಬಗ್ಗಿಸಿ, ತಕ್ಕಡಿಯನ್ನು ನನ್ನೆದುರೇ ಕಟ್ಟೆಯ ಮೇಲಿಟ್ಟು, ಮೊದಲಿಂದ ಶುರು ಮಾಡಿದ.

ನನ್ನಣ್ಣ ತೂಗುವುದನ್ನು ಅಂದೇ ನಾನು ಮೊದಲು ನೋಡಿದ್ದು. ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಇಷ್ಟು ಕಷ್ಟಪಟ್ಟು ನಮ್ಮನ್ನು ಉಳಿಸಿದವನನ್ನು ಮನೆಹಾಳ ಅಂದುಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಇನ್ನು ಮೇಲೆ ಇವನನ್ನು ಅನುಮಾನಿಸಿದರೆ ನನ್ನಂಥ ಪಾಪಿ ಇಲ್ಲ ಎಂದುಕೊಂಡೆ, ನಿಜವಾಗಿಯೂ ಅಂದುಕೊಂಡೆ.

ಸೂಪು ಸಿದ್ಧವಾಗುವ ಹೊತ್ತಿಗೆ ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. ನಾನು ಚಮಚದಲ್ಲಿ ತೆಗೆದು ಕುಡಿದೆ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. "ಚೆನ್ನಾಗಿದೆ ಅಣ್ಣ," ಎಂದೆ. ಅವನ ಮುಖ ಅರಳಿತು.

ಬಾಗಿಲು ತೆರೆಯಲು ಎರಡು ಹೆಜ್ಜೆ ಇಟ್ಟವಳು ಹಿಂದಿರುಗಿ ಇನ್ನೊಂದು ಚಮಚ ನೋಡಿದೆ. ಸರಿಯಾಗಿಯೇ ಇತ್ತು. "ಬಿಸಿ ಇತ್ತು, ಅದಕ್ಕೆ," ಎಂದು ನಕ್ಕೆ. ಅವನೂ ನಕ್ಕ.

ಗಿರಾಕಿಗಳು ಒಳಗೆ ಬಂದು ಕೂತರು. ಮೊದಲ ಬಟ್ಟಲನ್ನು ಅವನು ತುಂಬಿಸಿ ಕೊಟ್ಟಾಗ, ನನಗೇ ಗೊತ್ತಿಲ್ಲದಂತೆ ನನ್ನ ಕೈ ಮತ್ತೆ ಚಮಚಕ್ಕೆ ಹೋಯಿತು. ಅಣ್ಣ ಅದನ್ನು ನೋಡಿದ. ಸೌಟನ್ನು ನನ್ನ ಕೈಗೆ ಕೊಟ್ಟು, ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿದ.